ಎರಡು ಸಲ ಕುದಿಸಿದ ನೀರು

ಜಾಜಿಯಾ ಅಜ್ಜಿಯ ಮನೆಯಲ್ಲಿ ಹಸಿ ನೀರು ಕೂಸಿನ ಬಾಯಿಗೆ ಬೀಳುವಂತಿರಲಿಲ್ಲ. ಸೊಸೆ ವಹೀದಾಗೆ ಎದೆಹಾಲು ಸಾಲದು, ಹಾಗಾಗಿ ಎರಡು ತಿಂಗಳ ಮೊಮ್ಮಗಳು ಸಿರೀನ್‌ಗೆ ಡಬ್ಬಿಯ ಹಾಲಿನ ಪುಡಿಯೇ ಗತಿ. ಪುಡಿ ಕಲಸಲು ಅಜ್ಜಿ ಹಿತ್ತಲ ಬಾವಿಯ ನೀರನ್ನು ಒಂದಲ್ಲ, ಎರಡು ಸಲ ಕುದಿಸುತ್ತಿದ್ದಳು. ಪಾತ್ರೆ ಅರ್ಧಕ್ಕೆ ಇಳಿದ ಮೇಲೆಯೇ ಒಲೆ ಆರಿಸುವುದು. ತನ್ನಷ್ಟು ಚೊಕ್ಕ ಊರಲ್ಲೇ ಯಾರೂ ಇಲ್ಲವೆಂಬ ಹೆಮ್ಮೆ ಬೇರೆ.

ಆದರೂ ಎರಡು ದಿನದಿಂದ ಕೂಸಿನ ತುಟಿ ನೀಲಿಯಾಗುತ್ತಿತ್ತು. ಹಾಲು ಕುಡಿಯುತ್ತಲೇ ಸೋತು ಕಣ್ಣು ಮುಚ್ಚುತ್ತಿತ್ತು. "ಯಾವಳದೋ ಕೆಟ್ಟ ಕಣ್ಣು ಬಿತ್ತು" ಎಂದು ಅಜ್ಜಿ ದೃಷ್ಟಿ ತೆಗೆಯಲು ತೊಟ್ಟಿಲಿಗೆ ಬೆಳ್ಳಿಯ ಮೀನಿನ ತಾಯಿತ ಕಟ್ಟಿದಳು.

ಆಗ ಒಲ್ಫಾ ಬಂದಳು. ಊರೂರು ತಿರುಗಿ ಬಾವಿ ನೀರನ್ನು ಬಾಟಲಿಗೆ ತುಂಬಿಸಿಕೊಂಡು ಹೋಗುವ ವಿಶ್ವವಿದ್ಯಾಲಯದ ಸಂಶೋಧಕಿ.

"ಮತ್ತೆ ಬಂದ್ಯಾ ತಾಯಿ? ಮೂರು ವರ್ಷದಿಂದ ನೀರು ಹೊರ್ತಿದ್ದೀಯ, ನಮ್ಮ ಬಾವಿ ಇನ್ನೂ ಬತ್ತಿಲ್ಲ ನೋಡು!" ಎಂದು ಅಜ್ಜಿ ಚುಡಾಯಿಸಿದಳು.

ಒಲ್ಫಾ ನಗಲಿಲ್ಲ. ಅವಳ ಕಣ್ಣು ತೊಟ್ಟಿಲ ಮೇಲಿತ್ತು. "ಅಜ್ಜಿ, ಇದು ದೃಷ್ಟಿ ಅಲ್ಲ. ಮೊದ್ಲು ಆಸ್ಪತ್ರೆ, ಮಾತೆಲ್ಲ ಆಮೇಲೆ" ಎಂದವಳೇ ತಾಯಿ ಮಗು ಇಬ್ಬರನ್ನೂ ತನ್ನ ಕಾರಿಗೆ ಹತ್ತಿಸಿದಳು.

ಔಷಧಿ ಏರಿಸಿದ ಮೇಲೆ ಕೂಸಿನ ತುಟಿಗೆ ಬಣ್ಣ ಬಂತು. ಬಾವಿಯ ನೀರೇ ಕಾರಣವೆಂದರು ವೈದ್ಯರು. ಮೂರನೆಯ ದಿನ ಮಗು ಮನೆಗೆ ಬಂದರೂ ಅಜ್ಜಿಯ ಸಿಟ್ಟು ಇಳಿದಿರಲಿಲ್ಲ.

"ಎರಡು ಸಲ ಕುದಿಸಿದ ನನ್ನ ನೀರಿನ ಮೇಲೆ ಗೂಬೆ ಕೂರಿಸ್ತಾರಾ?"

ಕೂಸನ್ನು ಮನೆಗೆ ತಲುಪಿಸಲು ಬಂದಿದ್ದ ಒಲ್ಫಾ ಅಜ್ಜಿಯ ಮುಂದೆ ಎರಡು ಲೋಟ ಇಟ್ಟಳು. ಒಂದರಲ್ಲಿ ಬಾವಿಯ ಹಸಿ ನೀರು, ಇನ್ನೊಂದರಲ್ಲಿ ಅಜ್ಜಿ ಕುದಿಸಿದ ನೀರು. ಪರೀಕ್ಷೆಯ ಕಾಗದದ ಪಟ್ಟಿಗಳನ್ನು ಅಜ್ಜಿಯ ಕೈಗೇ ಕೊಟ್ಟಳು. "ನೀವೇ ಅದ್ದಿ. ಬಣ್ಣ ಏರಿದಷ್ಟೂ ಕೇಡು ಜಾಸ್ತಿ."

ಹಸಿ ನೀರಿಗೆ ಪಟ್ಟಿ ಗುಲಾಬಿಯಾಯಿತು. ಕುದಿಸಿದ ನೀರಿಗೆ ದಾಳಿಂಬೆಯಷ್ಟು ಕೆಂಪಾಯಿತು.

"ಇದೆಂಥಾ ಮೋಸ ಕಣೇ!"

"ಅಜ್ಜಿ, ಉಪ್ಪು ಹಾಕಿದ ಸಾರನ್ನ ಕುದಿಸ್ತಾನೇ ಇದ್ರೆ ಏನಾಗುತ್ತೆ?"

"ಬಾಯಿಗಿಡೋಕಾಗಲ್ಲ, ಬರೀ ಉಪ್ಪು."

"ಇದೂ ಹಂಗೇ. ನೀರು ಆವಿಯಾಗುತ್ತೆ, ಅದರಲ್ಲಿ ಕರಗಿರೋ ನೈಟ್ರೇಟ್ ಅನ್ನೋ ಉಪ್ಪು ಅಲ್ಲೇ ಉಳಿಯುತ್ತೆ. ಸ್ಟ್ರಾಬೆರಿ ಹೊಲದ ಗೊಬ್ಬರ, ಕುರಿದೊಡ್ಡಿ ಹಿಕ್ಕೆ ಎಲ್ಲ ಮಳೆಗೆ ಇಳಿದು ಬಾವಿ ಸೇರಿದೆ. ಬೆಂಕಿಗೆ ರೋಗದ ಹುಳ ಸಾಯುತ್ತೆ, ಇದು ಸಾಯಲ್ಲ. ದೊಡ್ಡವರು ತಡ್ಕೋತಾರೆ, ಹಸುಗೂಸಿನ ರಕ್ತ ತಡ್ಕೊಳ್ಳಲ್ಲ, ಉಸಿರಿನ ಗಾಳಿ ಹೊರೋಕಾಗದೆ ತುಟಿ ನೀಲಿಯಾಗುತ್ತೆ."

ಅಜ್ಜಿ ಪಟ್ಟಿ ಕೆಳಗಿಟ್ಟು ತೊಟ್ಟಿಲ ಪಕ್ಕ ಕೂತಳು. "ಹಂಗಾದ್ರೆ ನನ್ನ ಕೈಯಾರೆ ವಿಷ ಹಾಕಿದ್ನಾ?" ಅವಳ ಕಣ್ಣು ತುಂಬಿತು.

"ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ದೊಡ್ಡ ದೊಡ್ಡ ಪತ್ರಿಕೇಲಿ ಬರೆದೆ, ನಿಮ್ಮ ಬಾಗಿಲಿಗೆ ಬಂದು ಹೇಳಲಿಲ್ಲ. ತಪ್ಪು ನನ್ನದು."

ಅಜ್ಜಿ ಮೂಗೊರೆಸಿಕೊಂಡು ಎದ್ದಳು. "ಆಗ ಹೇಳದಿದ್ರೆ ಏನಾಯ್ತು, ಈಗ ಹೇಳು, ನಡಿ. ಈ ಬೀದೀಲಿ ಇನ್ನೂ ನಾಲ್ಕು ತೊಟ್ಟಿಲಿದೆ. ನಿನ್ನ ಮಾತು ನಂಬದಿದ್ರೆ ನನ್ನ ಮಾತು ನಂಬ್ತಾರೆ."

ಈಗ ಸಿರೀನ್‌ಳ ಹಾಲಿಗೆ ಪೇಟೆಯಿಂದ ತಂದ, ಪರೀಕ್ಷೆಯಾದ ಬಾಟಲಿ ನೀರು ಮಾತ್ರ.

ತಾಯಂದಿರೇ, ಅಜ್ಜಿಯರೇ, ನಿಮ್ಮ ಬಾವಿ ಹೊಲದ ಅಥವಾ ದೊಡ್ಡಿಯ ಪಕ್ಕದಲ್ಲಿದೆಯೇ? ಕೂಸಿಗೆ ಕೊಡುವ ಮೊದಲು ಆ ನೀರನ್ನು ಪರೀಕ್ಷೆ ಮಾಡಿಸಿ. ಕುದಿಸಿದ್ದೇವೆಂದು ನಿಶ್ಚಿಂತೆಯಾಗಿ ಕೂರಬೇಡಿ. ಕೂಸಿನ ತುಟಿ ನೀಲಿಯಾದರೆ ಯಾರ ಕಣ್ಣು ಬಿತ್ತೆಂದು ಹುಡುಕುತ್ತಾ ನಿಲ್ಲಬೇಡಿ. ಎತ್ತಿಕೊಂಡು ಆಸ್ಪತ್ರೆಗೆ ಓಡಿ.