ಮೇಯರ್ ಮೈಮೇಲಿನ ಉಪ್ಪು

"ಲೆಸ್ಟರ್, ಮೇಯರ್ ಮೈಮೇಲೆ ಯಾರೋ ಉಪ್ಪು ಉದುರಿಸಿದ ಹಾಗಿದೆ. ಬೇಗ ಬಾ" ಎಂದು ವರ್ನಾ ಫೋನು ಮಾಡಿದಾಗ ನಾನು ಮನೆಮುಂದಿನ ಹಿಮ ಗೋರುತ್ತಿದ್ದೆ. ಸಲಿಕೆಯನ್ನು ಅಲ್ಲೇ ಚುಚ್ಚಿ ಹೊರಟೆ. ಕಡಲಮೀನು ಸಾಕುವವರ ಮನೆಯಲ್ಲಿ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆಯ ಮಾತು ಬಂದರೆ ಯಾರೂ ಕೈಲಿದ್ದ ಕೆಲಸ ಮುಗಿಸಿ ಹೊರಡುವುದಿಲ್ಲ.

ಮೇಯರ್ ಅಂದರೆ ಅಂಗೈ ಅಗಲದ ನೇರಳೆ ಬಣ್ಣದ ಟ್ಯಾಂಗ್ ಮೀನು. ಬೆಳಗಾದರೆ ತೊಟ್ಟಿಯ ಮೂಲೆಮೂಲೆಗೂ ಹೋಗಿ ತಪಾಸಣೆ ಮಾಡಿ ಬರುವ ಅದರ ಗತ್ತು ನೋಡಿ ವರ್ನಾಳ ಗಂಡ ಕ್ಯಾಸ್ ಇಟ್ಟ ಹೆಸರು. ನಾನೂ ಕ್ಯಾಸೂ ಟೊಲೀಡೊದ ಗಾಜಿನ ಕಾರ್ಖಾನೆಯಲ್ಲಿ ಒಂದೇ ಪಾಳಿಯಲ್ಲಿ ಬೆವರು ಸುರಿಸಿದವರು. ಸಮುದ್ರ ಇಲ್ಲಿಂದ ಒಂದು ಹಗಲಿನ ದಾರಿ. ಆದರೂ ನೀರಿಗೆ ಉಪ್ಪು ಕಲಸಿ ಮನೆಯಲ್ಲೇ ಹವಳ ಬೆಳೆಸುವ ಹುಚ್ಚು ನಮ್ಮಿಬ್ಬರಿಗೂ ಒಟ್ಟಿಗೇ ಹಿಡಿಯಿತು. ಅವನು ತೊಟ್ಟಿಯನ್ನು ಸ್ವಂತ ಕೈಯಲ್ಲೇ ಕಟ್ಟಿದ. ಅದರೊಳಗೆ ಕಲ್ಲಿನ ಮೇಲೆ ಕಲ್ಲು ಪೇರಿಸಿ, ಅಂಟು ಗಿಂಟು ಹಾಕದೆ, ಒಂದು ಕಮಾನು ನಿಲ್ಲಿಸಿದ. ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಬೆಳಗಿನ ಕಾಫಿ ಕುಡಿಯುತ್ತ ಒಂದು ಕೈಯನ್ನು ನೀರಿಗೆ ಅದ್ದಿಕೊಂಡು ನಿಲ್ಲುವುದು ಅವನ ಚಾಳಿ. ಕೆಂಪು ಬಿಳಿ ಪಟ್ಟೆಯ ಸಿಗಡಿಯೊಂದು ಕಮಾನಿನ ಕೆಳಗಿಂದ ಹೊರಟು ಅವನ ಉಗುರು ಹೆಕ್ಕುತ್ತಿತ್ತು. ಮೀನುಗಳ ಮೈ ಹೆಕ್ಕಿ ಶುಚಿ ಮಾಡಿ ಹೊಟ್ಟೆ ಹೊರೆಯುವುದು ಆ ಜಾತಿಯ ಸಿಗಡಿಯ ಕಸುಬು.

ಕ್ಯಾಸ್ ಎಲೆ ಉದುರುವ ಕಾಲದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಕೊನೆಗೆ ಅವನ ಮಂಚವನ್ನು ತೊಟ್ಟಿಯ ಎದುರಿಗೇ ಹಾಕಿದ್ದರು. "ಮೇಯರ್‌ನ ನೋಡ್ಕೋ" ಎಂದು ಹೆಂಡತಿಗೆ ಹೇಳಿ ಹೋದ. ಬೇರೆ ಏನಾದರೂ ಹೇಳಬಾರದಿತ್ತೇ ಮಹರಾಯ! ಅವಳು ಆ ಮಾತನ್ನು ಎದೆಗೆ ಕಟ್ಟಿಕೊಂಡುಬಿಟ್ಟಳು.

ನಾನು ಹೋಗಿ ನೋಡಿದರೆ ಮೇಯರ್ ಮೈಯನ್ನು ಕಲ್ಲಿಗೆ ಉಜ್ಜುತ್ತಿತ್ತು. ರೆಕ್ಕೆಯ ಮೇಲೆ ಬಿಳಿ ಕಾಳುಗಳು, ಮೀನಿನ ಚರ್ಮ ಕೊರೆದು ಕೂರುವ ಹುಳದ ಗುರುತು. ಪಕ್ಕದಲ್ಲಿ ಕಿತ್ತಳೆ ಬಣ್ಣದ ಎರಡು ಹೊಸ ಮೀನು.

"ಇವು ಯಾವಾಗ ಬಂದ್ವು?"

"ಈಚೆಗೆ. ಮೇಯರ್ ದಿನವೆಲ್ಲ ಗಾಜಿಗೆ ಮುಖ ಕೊಟ್ಟು ಕ್ಯಾಸ್ ಮಂಚ ಇದ್ದ ಕಡೆನೇ ನೋಡ್ತಾ ಇರ್ತಿತ್ತು ಕಣೋ. ಒಂದು ಜೊತೆ ಬೇಕು ಅನ್ನಿಸ್ತು."

"ಮೊದ್ಲು ಬೇರೆ ತೊಟ್ಟೀಲಿ ಇಟ್ಟಿದ್ಯಾ?"

"ನೋಡೋಕೆ ಚೆನ್ನಾಗೇ ಇದ್ವು..." ಎಂದು ಅವಳು ತಲೆ ತಗ್ಗಿಸಿದಳು.

ಹೊಸ ಮೀನು ಯಾವುದೇ ಬರಲಿ, ಕ್ಯಾಸ್ ಅದನ್ನು ಬಟ್ಟೆ ಒಗೆಯುವ ಕೋಣೆಯ ಬರಿದಾದ ತೊಟ್ಟಿಯಲ್ಲಿ ತಾಮ್ರದ ಔಷಧಿ ಹಾಕಿ ವಾರಗಟ್ಟಲೆ ಕೂಡಿಹಾಕುತ್ತಿದ್ದ. ಅದನ್ನು ನೋಡುತ್ತಲೇ ವರ್ನಾಳಿಗೆ ಅರ್ಧ ಆಯುಷ್ಯ ಕಳೆದಿತ್ತು. ಆದರೆ ದುಃಖದಲ್ಲಿದ್ದವರಿಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು?

ನಂಬಬಹುದಾದ ಔಷಧಿ ಮನೆಯಲ್ಲಿದ್ದದ್ದು ಆ ತಾಮ್ರ ಒಂದೇ. ಅದನ್ನು ದೊಡ್ಡ ತೊಟ್ಟಿಗೇ ಸುರಿದರೆ ಹವಳ, ಸಿಗಡಿ, ಬಸವನಹುಳು ಎಲ್ಲ ಸರ್ವನಾಶ. ಮೀನನ್ನೇ ಹೊರಗೆ ತರೋಣವೆಂದರೆ ಅದು ಬಲೆ ಕಂಡ ಕೂಡಲೇ ಕಮಾನಿನ ಸಂದಿಗೆ ನುಗ್ಗುತ್ತದೆ. ಒಳಗೆ ಕಡಲಪಾಚಿ ಕಟ್ಟಿದ ಬೋನನ್ನೂ ಇಳಿಸಿ ನೋಡಿದೆ. ಮೇಯರ್ ಅದರತ್ತ ತಿರುಗಿಯೂ ನೋಡಲಿಲ್ಲ. ಅತ್ತ ದರಿ, ಇತ್ತ ಪುಲಿ.

"ಕಲ್ಲು ತೆಗೀಲೇಬೇಕು ವರ್ನಾ."

"ಆಗಲ್ಲ."

"ಮತ್ತೆ ಜೋಡಿಸಿದ್ರಾಯ್ತಪ್ಪ."

"ಯಾರು ಜೋಡಿಸ್ತಾರೆ? ನೀನಾ? ನಿನ್ನ ತೊಟ್ಟಿ ನೋಡಿದ್ರೆ ಲಾರಿಯಿಂದ ಜಲ್ಲಿ ಸುರಿದ ಹಾಗಿದೆ." ನಗಲು ನೋಡಿದಳು, ಆಗಲಿಲ್ಲ. "ಅವನ ಬಟ್ಟೆ ಚರ್ಚಿಗೆ ಕೊಟ್ಟೆ. ಮಂಚ ಬಾಡಿಗೆಯವ್ರು ತಗೊಂಡೋದ್ರು. ಅವನು ಇಟ್ಟಿದ್ದು ಇಟ್ಟ ಹಾಗೇ ಇರೋದು ಈ ಮನೇಲಿ ಇದೊಂದೇ ಲೆಸ್ಟರ್. ಅದಕ್ಕೆ ಕೈ ಹಾಕಬೇಡ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವವರಿಗೆ ಇಂಟರ್ನೆಟ್ಟಿನಲ್ಲಿ ಯಾರಾದರೊಬ್ಬ ಪುಣ್ಯಾತ್ಮ ಸಿಕ್ಕೇ ಸಿಗುತ್ತಾನೆ. ವರ್ನಾಳಿಗೆ ಸಿಕ್ಕವನು ಬೆಳ್ಳುಳ್ಳಿ ಎಂದಿದ್ದ. ಅವಳು ಬೆಳ್ಳುಳ್ಳಿ ಜಜ್ಜಿ, ಆ ರಸದಲ್ಲಿ ಮೀನಿನ ತಿಂಡಿ ನೆನೆಸಿ ಹಾಕತೊಡಗಿದಳು. ಮನೆಗೆ ಮನೆಯೇ ಒಗ್ಗರಣೆ ಹಾಕಿದ ಹಾಗೆ ಘಮಘಮ. ಕೆಲವು ದಿನ ಕಳೆದವು. ಮೇಯರ್ ಮೈ ಲಕಲಕ ಹೊಳೆಯಿತು, ಒಂದು ಚುಕ್ಕೆಯೂ ಇಲ್ಲ.

ಅಂದು ಈಸ್ಟರ್ ಹಬ್ಬದ ಉಪವಾಸದ ಕಾಲಕ್ಕೆ ಮುಂಚಿನ ಮಂಗಳವಾರ. ವರ್ನಾ ಪೋಲಿಷರ ಮನೆಯ ರೂಢಿಯಂತೆ ಜಾಮು ತುಂಬಿದ ಪಂಚ್ಕಿ ಬನ್ನುಗಳನ್ನು ಕರಿದು ನನ್ನನ್ನು ಕರೆದಳು. ಕ್ಯಾಸ್ ಸತ್ತ ಮೇಲೆ ಆ ಒಲೆಯ ಮೇಲೆ ಎಣ್ಣೆ ಕಾದದ್ದು ಅಂದೇ. "ನೋಡಪ್ಪ ಪಂಡಿತ, ಬೆಳ್ಳುಳ್ಳಿ ಗೆದ್ದಿದೆ. ತಾಮ್ರವಂತೆ, ತಾಮ್ರ!" ಎಂದು ಪಂಚ್ಕಿಯನ್ನು ನನ್ನ ಬಾಯಿಗೇ ತುರುಕಲು ಬಂದಳು.

ಸುಮ್ಮನಿದ್ದುಬಿಡಬೇಕು ಅನ್ನಿಸಿತು, ದೇವರಾಣೆ. ಆದರೆ ಸುಮ್ಮನಿದ್ದರೆ ಮೀನು ಸಾಯುತ್ತದೆ.

"ವರ್ನಾ, ಅದು ವಾಸಿಯಾಗಿಲ್ಲ. ಆ ಹುಳ ಹೊಟ್ಟೆ ತುಂಬಿಸ್ಕೊಂಡು ಮರಳಿಗೆ ಇಳಿದಿದೆ ಅಷ್ಟೆ. ಅಲ್ಲಿ ಗೂಡು ಕಟ್ಕೊಂಡು ಒಂದು ಹೋಗಿ ನೂರಾಗ್ತದೆ. ಮತ್ತೆ ಏಳ್ತವೆ. ಇವತ್ತೇ ಕಲ್ಲು ತೆಗೆಯೋಣ. ಮೀನಿಗೆ ಈಗ ಶಕ್ತಿ ಇದೆ."

ಅವಳ ಮುಖ ಬಾಡಿದ್ದನ್ನು ನಾನು ಸಾಯುವ ತನಕ ಮರೆಯಲಾರೆ.

"ಕ್ಯಾಸ್ ಒಂದ್ಸಲ ಎದ್ದು ಓಡಾಡ್ದಾಗ ಆ ಡಾಕ್ಟರೂ ಹೀಗೇ ಅಂದಿದ್ದ. ಇದು ವಾಸಿ ಅಲ್ಲ ಅಂತ. ನಿಮಗೆಲ್ಲ ಒಬ್ರ ಮನೇಲಿ ಒಂದು ದಿನ ನಗು ಇರಬಾರ್ದು, ಅಲ್ವಾ? ಹೋಗು. ಇದನ್ನೂ ತಗೊಂಡು ಹೋಗು." ಪಂಚ್ಕಿಯ ತಟ್ಟೆಯನ್ನು ನನ್ನ ಕೈಗೆ ತುರುಕಿ ಬಾಗಿಲು ಹಾಕಿಕೊಂಡಳು. ಕಾರಿನಲ್ಲಿ ಕೂತು ಒಂದು ತಿಂದೆ. ತಟ್ಟೆಯನ್ನು ಪಕ್ಕದ ಸೀಟಿನ ಮೇಲಿಟ್ಟು ಮನೆಗೆ ಹೊರಟೆ.

ಆಮೇಲೆ ಎಷ್ಟು ಸಲ ಫೋನು ಮಾಡಿದರೂ ಎತ್ತಲಿಲ್ಲ. ಒಂದು ಬೆಳಿಗ್ಗೆ ಮನಸ್ಸು ತಡೆಯದೆ ಹೋದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ನಡುಮನೆಯ ತುಂಬ ಟವಲ್ಲು ಹಾಸಿತ್ತು, ಅವುಗಳ ಮೇಲೆ ಕ್ಯಾಸನ ಕಲ್ಲುಗಳು ನೀರು ಸೋರಿಸುತ್ತ ಬಿದ್ದಿದ್ದವು. ಹವಳಗಳನ್ನು ಬಕೆಟ್ಟುಗಳಲ್ಲಿ ಇಟ್ಟಿದ್ದಳು. ಕಮಾನು ಇರಲಿಲ್ಲ. ವರ್ನಾ ತೋಳಿನ ತನಕ ಒದ್ದೆಯಾಗಿ ತೊಟ್ಟಿಯ ಮುಂದೆ ನಿಂತಿದ್ದಳು. ಅವಳ ಬೊಗಸೆಯಲ್ಲಿ, ನೀರಿನೊಳಗೆ, ಮೇಯರ್. ಮೈಗೆಲ್ಲ ಹಿಟ್ಟು ಮೆತ್ತಿದ ಹಾಗೆ ಬೆಳ್ಳಗಾಗಿತ್ತು.

"ಬಲೆ ಬೇಕಾಗ್ಲಿಲ್ಲ" ಎಂದಳು. "ತಾನಾಗೇ ಬಂದು ಕೈಯಲ್ಲಿ ಮಲಗ್ತು."

ಬಾಲದ ಬುಡದ ಮುಳ್ಳಿನಿಂದ ನನ್ನ ಕೈಯನ್ನು ಎಷ್ಟೋ ಸಲ ಕೊಯ್ದಿದ್ದ ಮೀನು ಅದು. ಅದು ಹಾಗೆ ಕೈಯಲ್ಲಿ ಮಲಗಿದ್ದು ಕಂಡಾಗಲೇ ಇನ್ನು ಉಳಿಯಲಾರದು ಅನ್ನಿಸಿತು.

ಒಗೆಯುವ ಕೋಣೆಯ ತೊಟ್ಟಿ ತುಂಬಿಸಿದೆವು, ತಾಮ್ರ ಅಳೆದು ಹಾಕಿದೆವು, ಮೇಯರ್‌ನನ್ನೂ ಕಿತ್ತಳೆ ಮೀನುಗಳನ್ನೂ ಅದಕ್ಕೆ ಬಿಟ್ಟೆವು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅಂತ ಇಬ್ಬರಿಗೂ ಗೊತ್ತಿತ್ತು. ಮೀನಿನ ಕಿವಿರುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ವರ್ನಾ ಬಟ್ಟೆಯ ಬುಟ್ಟಿಯನ್ನು ಮಗುಚಿ ಅದರ ಮೇಲೆ ಕೂತು, ಕ್ಯಾಸನ ಹತ್ತಿರ ಕೂತಿದ್ದಾಗ ಮಾಡುತ್ತಿದ್ದಂತೆಯೇ, ಸಣ್ಣ ದನಿಯಲ್ಲಿ ಏನೇನೋ ಮಾತಾಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೇಯರ್ ಪಕ್ಕಕ್ಕೆ ವಾಲಿತು.

"ಅಂದೇ ತೆಗೀಬೇಕಿತ್ತು. ಹೇಳು, ಬೈಯಿ ನನ್ನ."

"ಬೈಯಲ್ಲ ಕಣೆ."

"ಕಲ್ಲೂ ಹೋಯ್ತು, ಮೀನೂ ಹೋಯ್ತು" ಎಂದು ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಗೋಡೆ ಕಡೆ ತಿರುಗಿ ಪಂಪು ಸರಿ ಮಾಡುವವನ ಹಾಗೆ ನಿಂತೆ. ನನಗೂ ಅಳು ಬಂದಿತ್ತು.

ಹೂಳೋಣವೆಂದರೆ ನೆಲ ಕಲ್ಲಾಗಿ ಹೆಪ್ಪುಗಟ್ಟಿತ್ತು. ಕ್ಯಾಸನ ಕರವಸ್ತ್ರದಲ್ಲಿ ಸುತ್ತಿ, ಹಿಮ ಕರಗುವ ತನಕ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಇಟ್ಟೆವು.

ರೋಗ ತಂದ ಕಿತ್ತಳೆ ಮೀನುಗಳು ಮಾತ್ರ ತಾಮ್ರದ ನೀರಲ್ಲಿ ಗುಂಡುಕಲ್ಲಿನ ಹಾಗೆ ಬದುಕಿಕೊಂಡವು. "ತಿನ್ನಿ, ತಿನ್ನಿ, ಮನೆಹಾಳರಾ" ಎಂದು ಬೈಯುತ್ತಲೇ ವರ್ನಾ ಹೊತ್ತುಹೊತ್ತಿಗೆ ಅವಕ್ಕೆ ತಿಂಡಿ ಹಾಕುತ್ತಿದ್ದಳು. ದೊಡ್ಡ ತೊಟ್ಟಿಯಲ್ಲಿ ಇನ್ನೆರಡು ಮೂರು ತಿಂಗಳು ಮೀನು ಬಿಡುವಂತಿಲ್ಲ. ಮೀನಿನ ಮೈ ಸಿಗದಿದ್ದರೆ ಆ ಹುಳ ತಾನೇ ಹಸಿದು ಸಾಯುತ್ತದೆ. ಕಮಾನು ಕಟ್ಟಲು ನಾವಿಬ್ಬರೂ ಒದ್ದಾಡಿದೆವು. ಯಾವ ಕಲ್ಲು ಎಲ್ಲಿತ್ತೆಂದು ಫೋಟೊಗಳಲ್ಲಿ ಹುಡುಕಿದರೆ ಎಲ್ಲದರಲ್ಲೂ ಮೇಯರೇ ಮುಂದೆ ನಿಂತಿದೆ. ಕೊನೆಗೆ ಸುಮ್ಮನೆ ಗುಡ್ಡೆ ಹಾಕಿದೆವು.

ಹಿಮ ಕರಗಿತು. ಹಿತ್ತಿಲಿನ ಲೈಲಾಕ್ ಗಿಡದ ಬುಡದಲ್ಲಿ ಮೇಯರ್‌ನನ್ನು ಹೂತು ಒಳಗೆ ಬಂದೆವು. ನಾನು ಕಾಫಿ ಬಗ್ಗಿಸುತ್ತಿದ್ದೆ. ವರ್ನಾ ಕೈಯ ಮಣ್ಣು ತೊಳೆದು ಬಂದು, ಯಾಕೋ ಏನೋ, ತೊಟ್ಟಿಗೆ ಕೈ ಇಳಿಬಿಟ್ಟು ನಿಂತಳು. ಕಲ್ಲಿನ ಗುಡ್ಡೆಯ ಹಿಂದಿನಿಂದ ಆ ಸಿಗಡಿ ಹೊರಬಂತು. ಅಷ್ಟು ದಿನ ಬಾರದ ಮೀನುಗಳಿಗಾಗಿ ಮೀಸೆ ಆಡಿಸುತ್ತ ಕಾದಿದ್ದ ಜೀವ ಅದು. ಮೆಲ್ಲಗೆ ಅವಳ ಬೆರಳು ಹತ್ತಿ ಉಗುರು ಹೆಕ್ಕತೊಡಗಿತು.

"ಹೀಗಿರ್ತಿತ್ತಾ ಅವನಿಗೆ" ಎಂದಳು. ನನ್ನ ಕಡೆ ತಿರುಗದೆಯೇ ಹೇಳಿದಳು: "ಕ್ಯಾಸ್ ಮಣ್ಣಿಗೆ ಹೋದ ದಿನ ಎಲ್ರೂ ನನ್ನ ಕೈ ಹಿಡ್ಕೊಂಡಿದ್ರು. ಆಮೇಲೆ ಯಾರಾದ್ರೂ ಮುಟ್ಟಿದ್ದು ಅಂದ್ರೆ ಇದೇ ಕಣೋ."

ನಾನು ಆ ಚಳಿಗಾಲವಿಡೀ ಅವಳ ಮನೆಗೆ ಬಂದಿದ್ದೆ. ಬಂದಾಗಲೆಲ್ಲ ಮೀನಿನ ಮೈ ಮಾತ್ರ ನೋಡಿದ್ದೆ. ಕಾಫಿ ಲೋಟ ಕೆಳಗಿಟ್ಟು ಅವಳ ಪಕ್ಕ ಹೋಗಿ ನಿಂತೆ.