ಬಿದ್ದ ಕೂಸಿನ ಮೊದಲ ನೋಟ

ಬಿತ್ತು, ಕೂಸು ಬಿತ್ತು, ಅಳು ಮಾತ್ರ ಇನ್ನೂ ಬಂದಿಲ್ಲ, ಬಾಯಿ ಅಗಲವಾಗಿ ತೆರೆದಿದೆ, ಅಂಗಳದ ಬಟ್ಟೆ ಒಗೆಯುವ ಕಲ್ಲಿಗೆ ಕಾಲು ತಾಗಿ, ಎರಡೂ ಅಂಗೈ ಊರಿ ಬಿದ್ದದ್ದು ಹಾಗೇ ಇದೆ — ಈ ಹೊತ್ತು ನನಗೆ ಗೊತ್ತು, ಬೀಳುವುದಕ್ಕೂ ಅಳುವುದಕ್ಕೂ ನಡುವೆ ಕೂಸುಗಳು ಒಂದು ಉಸಿರು ಹಿಡಿಯುತ್ತವೆ, ನನ್ನ ಮಗ ಪರಶು ಹಿಡಿಯುತ್ತಿದ್ದ, ತುಟಿ ಕಪ್ಪಾಗುವಷ್ಟು, ಈಗ ಅವನ ಮಗಳು ಪ್ರಜ್ಞಾ ಹಿಡಿದಿದ್ದಾಳೆ, ಆ ಉಸಿರು ಬಿಡುವುದರೊಳಗೆ ನಾನು ಎದ್ದು ಹೋಗಿರಬೇಕಿತ್ತು, ಮೊಳಕಾಲು ಎತ್ತಿಯೂ ಆಗಿದೆ, ತೊಡೆಯ ಮೇಲಿನ ಕಾಳು ಕೇರುವ ಮರದಿಂದ ಒಂದು ಹಿಡಿ ಜೋಳ ಚೆಲ್ಲಿಯೂ ಆಗಿದೆ, ಆದರೂ ಕಟ್ಟೆ ಬಿಟ್ಟು ಏಳುತ್ತಿಲ್ಲ, ಯಾಕೆಂದರೆ ಕಟ್ಟೆಯ ಆ ತುದಿಗೆ ದುರ್ಗಾ ಕೂತಿದ್ದಾಳೆ, ನನ್ನ ಸೊಸೆ, ಕೂಸನ್ನು ಹಡೆದವಳು, ಪುಸ್ತಕ ಮಡಿಲಲ್ಲಿಟ್ಟುಕೊಂಡು, ಕೂಸಿನಿಂದ ನನಗೆ ಎಷ್ಟು ಹೆಜ್ಜೆಯೋ ಅವಳಿಗೂ ಅಷ್ಟೇ.

ಬೆಳಗಿನಿಂದ ಓದಿದ್ದೇ ಓದಿದ್ದು, ಗಟ್ಟಿಯಾಗಿ ಓದಿದರೇನೇ ಅವಳ ತಲೆಗೆ ಹೋಗುವುದು, ಬರುವ ರವಿವಾರ ಬೆಳಗಾವಿಯಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಿ ಮುಂದೆ ನೌಕರಿಯೂ ಸಿಕ್ಕರೆ ನಮ್ಮ ಸಾಲಹಳ್ಳಿ ಇವಳನ್ನು ಅಕ್ಕೋರೇ ಎಂದು ಕರೆಯುತ್ತದೆ, ಅದನ್ನು ಕೇಳಬೇಕು ನಾನು, ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಮನೆಯಲ್ಲಿ ಓದುವ ದನಿ ಆಡುತ್ತಿದ್ದರೆ ಬಿಸಿಲೂ ಹಗುರ ಅನ್ನಿಸುತ್ತದೆ, ಜೋಳ ಹಸನು ಮಾಡುತ್ತ ಮಾಡುತ್ತ ಅರ್ಧ ಪಾಠ ನನಗೂ ಬಂದುಬಿಟ್ಟಿದೆ, ಮಗುವಿನ ಸಾಮಾಜಿಕ ವಿಕಾಸ, ಮಗು ಮೊದಲು ಒಂಟಿಯಾಗಿ ಆಡುತ್ತದೆ, ಆಮೇಲೆ ಇನ್ನೊಂದು ಮಗುವಿನ ಪಕ್ಕ ಕೂತು ತನ್ನಷ್ಟಕ್ಕೆ ತಾನು ಆಡುತ್ತದೆ, ಆಮೇಲೆಯೇ ಕೂಡಿ ಆಡುವುದು — ಹಾಗಾದರೆ ನಾನೂ ಇವಳೂ ಇನ್ನೂ ಎರಡನೆಯದರಲ್ಲೇ ಇದ್ದೇವೆ, ಇವಳು ಧಾರವಾಡದಿಂದ ತಿರುಗಿ ಬಂದು ಇಪ್ಪತ್ತು ದಿನ, ಒಂದೇ ಕಟ್ಟೆ, ನನ್ನ ಮರ ನನಗೆ, ಅವಳ ಪುಸ್ತಕ ಅವಳಿಗೆ, ನಡುವೆ ಕೂಸು. ಮಗು ಸುತ್ತಲಿನವರನ್ನು ನೋಡಿ ನೋಡಿ ಕಲಿಯುತ್ತದೆ ಎಂದು ಇನ್ನೊಂದು ಸಾಲು, ಅದಕ್ಕೆ ಪುಸ್ತಕ ಯಾಕೆ, ಪರಶು ನನ್ನನ್ನು ಅವ್ವಾ ಎನ್ನುವುದನ್ನು ಕೇಳಿ ಕೂಸೂ ನನ್ನನ್ನು ಅವ್ವಾ ಎನ್ನುತ್ತದೆ, ನಾನು ದುರ್ಗಾ ಎಂದು ಕೂಗುವುದನ್ನು ಕೇಳಿ ಹೆತ್ತವಳನ್ನು ದುಗ್ಗಾ ಎನ್ನುತ್ತದೆ, ಯಾರೂ ಕಲಿಸಲಿಲ್ಲ, ತಿದ್ದಲೂ ಇಲ್ಲ, ತಿದ್ದಬೇಕಾದವಳು ನಾನು, ಇವಳು ಊರಲ್ಲಿಲ್ಲದ ಎರಡು ವರ್ಷವೂ ತಿದ್ದಲಿಲ್ಲ, ಕಿವಿಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಎದುರುಮನೆ ಯಶೋಧಾ ಬಾಗಿಲಲ್ಲಿ ನಿಂತು ನಗುತ್ತಿದ್ದಳು, ಏನಬೇ ಕಾಡವ್ವಕ್ಕಾ, ಈ ವಯಸ್ಸಿನ್ಯಾಗ ಹಡದೀಯಲ್ಲಾ, ತೊಟ್ಲಾ ಯಾವಾಗ, ನಮಗೂ ಗುಗ್ಗರಿ ಹಂಚ, ನಾನೂ ಬಿಡುತ್ತಿರಲಿಲ್ಲ, ನಿನಗ ಹೊಟ್ಟಿಕಿಚ್ಚ ಆದ್ರ ನೀನೂ ಒಂದ ಹಡಿ ಹೋಗ ಅನ್ನುತ್ತಿದ್ದೆ, ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು, ಆದರೆ ಮೊನ್ನೆ ದುರ್ಗಾ ನೀರಿನ ಕೊಡ ಇಳಿಸುತ್ತಿದ್ದಾಗ ಯಶೋಧಾ ಅದೇ ಮಾತು ತೆಗೆದಳು, ನಗು ಬರಲಿಲ್ಲ, ದುರ್ಗಾಳ ಕೊಡದಿಂದ ನೀರು ತುಳುಕಿ ಕಾಲ ಮೇಲೆ ಬಿತ್ತು, ಅವಳು ಒರೆಸಿಕೊಳ್ಳಲೇ ಇಲ್ಲ.

ಕಳಿಸಿದವಳೇ ನಾನು. ಕೂಸಿಗೆ ಆಗ ಹನ್ನೊಂದು ತಿಂಗಳು, ದುರ್ಗಾಳಿಗೆ ಧಾರವಾಡದಲ್ಲಿ ಬಿ.ಎಡ್. ಸೀಟು ಬಂದಿತ್ತು, ಪರಶು ಕಟಕೋಳದ ವೆಲ್ಡಿಂಗ್ ಅಂಗಡಿಯಿಂದ ಬಂದವನು ಊಟಕ್ಕೂ ಕೂರದೆ ಗೊಣಗಿದ, ಕೂಸ ಇನ್ನಾ ಸಣ್ಣದೈತಿ ಬೇ, ಮುಂದಿನ ವರ್ಷ ನೋಡೋಣಂತ, ನಾನು ತಾಟು ಅವನ ಮುಂದಿಟ್ಟು, ಯಾಕ, ನಾ ಏನ ಸತ್ತೇನೇನ, ಆಕಿ ಹೋಗಲಿ, ಉಣ್ಣ ನೀ ಸುಮ್ನ ಅಂದೆ. ಮೊದಲ ವಾರ ಕೂಸು ಸಂಜೆಯಾದರೆ ಬಾಗಿಲಿನ ಕಡೆ ತೆವಳುತ್ತಿತ್ತು, ಎರಡನೇ ವಾರ ತೆವಳಲಿಲ್ಲ, ನನಗೆ ಸಮಾಧಾನವೂ ಆಯಿತು, ಎದೆಯೂ ಒಂಥರಾ ಆಯಿತು. ಈಗಷ್ಟೇ ಇವಳು ಓದುತ್ತಿದ್ದಳು, ಒಂದು ಕೋಣೆ, ಆಟಿಕೆ, ತಾಯಿ ಹೊರಗೆ ಹೋಗುತ್ತಾಳೆ, ಗುರುತಿಲ್ಲದ ಹೆಂಗಸೊಬ್ಬಳು ಒಳಗೆ ಬರುತ್ತಾಳೆ, ತಾಯಿ ತಿರುಗಿ ಬಂದಾಗ ಮಗು ಏನು ಮಾಡುತ್ತದೆಂದು ಮರೆಯಲ್ಲಿ ಕೂತು ಬರೆದುಕೊಳ್ಳುತ್ತಾರಂತೆ, ದೂರದೇಶದ ಶಾಣ್ಯಾ ಮಂದಿ, ನಾನು ತಡೆಯದೆ ಅಂದುಬಿಟ್ಟೆ, ಇದಕ್ಕ ಕೋಣಿ ಯಾಕ ಬೇಕವಾ, ರಾಮದುರ್ಗ ಬಸ್‌ಸ್ಟ್ಯಾಂಡಿನ್ಯಾಗ ಕುಂತಿದ್ರ ಸಾಕಾಗ್ತಿತ್ತಲ್ಲ — ಅಂದವಳೇ ನಾಲಿಗೆ ಕಚ್ಚಿಕೊಂಡೆ, ಎರಡನೇ ಶನಿವಾರಗಳು ಕಣ್ಣಿಗೆ ಬಂದವು, ಧಾರವಾಡದ ಬಸ್ಸಿನಿಂದ ಇವಳು ಎಲ್ಲರಿಗಿಂತ ಮೊದಲು ಇಳಿಯುವಳು, ಚೀಲ ಕೆಳಗೆ ಒಗೆದು ಎರಡೂ ಕೈ ಚಾಚುವಳು, ಕೂಸು ನನ್ನ ಸೆರಗಿನೊಳಗೆ ಮುಖ ಹುದುಗಿಸುವುದು, ಬಿಸ್ಕಿಟ್ ಕೊಟ್ಟರೆ ಬಿಸ್ಕಿಟ್ ಇಸಿದುಕೊಳ್ಳುವುದು, ಕೈ ಮಾತ್ರ ಹಿಡಿಯಲೊಲ್ಲದು. ಹಾಗೆ ಮುಖ ತಿರುಗಿಸುವ ಮಕ್ಕಳ ಬಗ್ಗೆಯೂ ಪುಸ್ತಕದಲ್ಲಿ ಬರೆದಿದೆ, ದುರ್ಗಾ ಆ ಸಾಲಿನ ನಡುವೆ ನಿಂತಳು, ಹಾಳೆ ತಿರುವಿದಳು, ಮುಂದಿನ ಒಂದೇ ಸಾಲನ್ನು ಮೂರು ಸಲ ಓದಿದಳು, ಬಿದ್ದ ಮಗು ಅಳುವ ಮೊದಲು ತನಗೆ ನಂಬಿಕೆಯಿದ್ದವರ ಮುಖ ನೋಡುತ್ತದೆ, ಆ ಮುಖದಲ್ಲಿ ಗಾಬರಿ ಕಂಡರೆ ಅಳುತ್ತದೆ, ಬಿದ್ದ ಮಗು ಅಳುವ ಮೊದಲು, ಬಿದ್ದ ಮಗು — ಅಷ್ಟರಲ್ಲಿ ಇದು ಬಿತ್ತು, ಪಾಠ ಕೇಳಿಸಿಕೊಂಡ ಹಾಗೆ.

ನೋಡುತ್ತಿದೆ, ಕತ್ತು ಎತ್ತಿತು, ನನ್ನನ್ನೇ ನೋಡುತ್ತಿದೆ, ಬೇರೆ ಯಾರನ್ನು ನೋಡಬೇಕು ಪಾಪ. ನನ್ನ ಕೈ ತಾನಾಗಿ ಮೇಲೆ ಹೋಗಿದೆ, ಓಡಿ ಹೋಗಿ ಆ ಕಲ್ಲಿಗೆ ನಾಲ್ಕು ಬಡಿದು, ನನ್ನ ಬಂಗಾರಾನ ಬೀಳಸಿದೇನ ನೀ, ತಗೋ, ತಗೋ ಎಂದರೆ ಕೂಸು ಅಳುವುದರ ನಡುವೆಯೇ ನಕ್ಕುಬಿಡುತ್ತದೆ, ಊರೆಲ್ಲ ಹಾಗೇ ಬೆಳೆದದ್ದು, ದುರ್ಗಾ ಬಂದ ವಾರ ಮೆತ್ತಗೆ ಅಂದಿದ್ದಳು, ಅತ್ತಿ, ಕಲ್ಲಿಗೆ ಹೊಡೀಬ್ಯಾಡ್ರಿ, ತಪ್ಪೆಲ್ಲಾ ಮಂದೀದು ಅಂತ ಕಲೀತೈತಿ ಕೂಸು, ನಾನು ಸಿಟ್ಟಾಗಿ, ನಿನ್ನ ಗಂಡನ್ನೂ ಹಿಂಗ ಕಲ್ಲಿಗೆ ಹೊಡದ ಬೆಳಸೇನಿ, ಏನಾಗೇತಿ ಅವಗ ಅಂದರೆ, ಮೊನ್ನೆ ಬೈಕ್ ತಗೊಂಡ ಬಿದ್ದಾಗ ನೋಡಿದ್ರಿಲ್ಲ, ಒಂದ ತಾಸು ರಸ್ತಾಕ್ಕ ಬೈಯಾಕ ಹತ್ತಿದ್ರು ಅಂದಳು, ಆ ದಿನ ಅತ್ತೆ ಸೊಸೆ ಕೂಡಿ ನಕ್ಕದ್ದು, ಇಪ್ಪತ್ತು ದಿನದಲ್ಲಿ ಅದೊಂದೇ ಸಲ. ಕೈ ಇಳಿಸು ಕಾಡವ್ವಾ. ಎದ್ದರೆ ಕೂಸು ನಿನ್ನದೇ, ಇವತ್ತೂ ನಿನ್ನದೇ, ಅದಕ್ಕೆ ಬೇಕಾದದ್ದೆಲ್ಲ ನಿನ್ನ ಮುಖದ ಮೇಲೆ ಬರೆದಿದೆ, ಮುಖವನ್ನು ಎಲ್ಲಿಗೆ ಒಯ್ಯಲಿ, ಮರದೊಳಗೆ ಹಾಕುತ್ತೇನೆ, ಜೋಳ ನೋಡುತ್ತೇನೆ, ಈ ಸಲದ ಕಾಳು ಎಷ್ಟು ದುಂಡಗೆ ಬಂದಿದೆ, ಒಂದು ಹರಳು, ತೆಗೆದೆ, ಇನ್ನೊಂದು ಹರಳೋ ಕಾಳೋ ಕಾಣುತ್ತಿಲ್ಲ, ನೋಡಬೇಡ, ಇನ್ನೂ ನನ್ನ ಕಡೆಯೇ ನೋಡುತ್ತಿದೆಯೇನೋ, ನೋಡಬೇಡ, ಉಸಿರು ಬಿಡವಾ ಮೊದಲು, ಉಸಿರು ಬಿಡು —

ಬಿಟ್ಟಿತು. ಅಂಗಳ ತುಂಬ ಅಳು, ಅಳುವಿನ ನಡುವೆ ಎಳೆದು ಎಳೆದು, ದುಗ್ಗಾ, ಓ ಎಂದಳು ದುರ್ಗಾ, ಪುಸ್ತಕ ಬಿದ್ದ ಸಪ್ಪಳ, ಓ ಬಂದೆ, ಬಂದ್ಯಾ ನನ್ನವ್ವಾ, ಏನಾಗಿಲ್ಲ, ಏನೂ ಆಗಿಲ್ಲ ಬಾ, ಅನ್ನುವವಳ ದನಿಯೇ ನಡುಗುತ್ತಿದೆ, ಪುಟ್ಟ ಹೆಜ್ಜೆಯ ಟಪಟಪ ನನ್ನ ಕಡೆ ಬರುತ್ತಿಲ್ಲ, ಆ ಕಡೆ ಹೋಗುತ್ತಿದೆ, ಹೋಯಿತು, ನಿಂತಿತು. ನಾನು ತಲೆ ಎತ್ತಿದೆ. ದುರ್ಗಾ ಕೂಸಿನ ಕೈ ತೊಳೆಯಲು ಎತ್ತಿಕೊಂಡು ಬಚ್ಚಲ ಕಡೆ ನಡೆದಿದ್ದಾಳೆ, ಕೂಸಿನ ಮುಖ ಅವಳ ಕುತ್ತಿಗೆಯಲ್ಲಿ ಮುಳುಗಿದೆ, ಕಾಲು ಅವಳ ನಡುವಿಗೆ ಸುತ್ತಿ ಹಿಂದೆ ಕೂಡಿಕೊಂಡಿವೆ, ಅಂಗಾಲು ನನ್ನ ಕಡೆಗೆ — ಎಷ್ಟು ದಿನ ಎತ್ತಿಕೊಂಡು ತಿರುಗಿದೆ, ಅವು ಯಾವಾಗಲೂ ನನ್ನ ಬೆನ್ನ ಹಿಂದೆ ಇದ್ದವು, ಎತ್ತಿಕೊಂಡವರಿಗೆ ಕಾಣುವುದೇ ಇಲ್ಲ, ಕಟ್ಟೆಯ ಮೇಲೆ ಕೂತವರಿಗಷ್ಟೇ — ಹಿಮ್ಮಡಿ ಕೆಂಪಗೆ, ನಡುವೆ ಮಣ್ಣು ಹತ್ತದ ಬೆಳ್ಳನೆಯ ಕುಳಿ, ಒಂದರ ಮೇಲೊಂದು ಏರಿಸಿ ದುರ್ಗಾಳ ಬೆನ್ನಿನ ಮೇಲೆ ಎರಡು ಅಂಗಾಲು, ಅವಳು ನಡೆದ ಹಾಗೆ ಮೇಲೆ ಕೆಳಗೆ, ಎರಡು ಅಂಗಾಲು, ಬೆರಳು ಇನ್ನೂ ಬಿಗಿಯಾಗಿವೆ, ಈಗ ಸಡಿಲಾದವು, ಎರಡು ಅಂಗಾಲು