ಭಾವ ಬಿಟ್ಟ ಹಾಡು

ನಮ್ಮ ಅಬಯಾಂಗ್ ದ್ವೀಪದಲ್ಲಿ ನಲವತ್ತು ದಿನದ ಉಪವಾಸದ ತಪಸ್ಸುಕಾಲದಲ್ಲಿ ಶುಕ್ರವಾರ ಮಾಂಸ ಬಿಡಿ ಎಂದರೆ ನಗು ಬರುತ್ತದೆ. ಹಂದಿ ಕೊಯ್ಯುವುದು ಮದುವೆಗೋ ಸಾವಿಗೋ. ಉಳಿದ ದಿನವೆಲ್ಲ ಮೀನೇ. ಅದಕ್ಕೇ ಇಲ್ಲಿ ಒಬ್ಬೊಬ್ಬರು ತಮಗೆ ತೀರಾ ಇಷ್ಟವಾದದ್ದೊಂದನ್ನು ಸ್ವಾಮಿ ಸಾವಿನಿಂದ ಎದ್ದ ಪಾಸ್ಕ ಹಬ್ಬದವರೆಗೆ ಬಿಡುತ್ತಾರೆ. ನಾನು ಹೊಗೆಸೊಪ್ಪು ಬಿಟ್ಟೆ, ಅದೂ ಅರ್ಧಂಬರ್ಧ. ನನ್ನ ಭಾವ ತಾವೆಯಾ ಹಾಡು ಬಿಟ್ಟರು.

ತೆಂಗಿನ ಹೊಂಬಾಳೆ ಕೆತ್ತಿ ಸಿಹಿ ನೀರಾ ಇಳಿಸುವವರು ಮರದ ಮೇಲೆ ಕೂತು ಹಾಡುವುದು ನಮ್ಮಲ್ಲಿ ರೂಢಿ. ಭಾವನ ಕಂಠ ಊರಿಗೇ ಗೊತ್ತು. ನನ್ನ ಅಕ್ಕ ಆಕೋಯಿಯಾ ಆ ಕಂಠಕ್ಕೇ ಮರುಳಾಗಿ ಮದುವೆಯಾದವಳು. ಇವರು ಮರದ ಮೇಲಿಂದ ಅವಳ ಹೆಸರು ಸೇರಿಸಿ ಹಾಡಿ ನಮ್ಮಪ್ಪನ ಕೈಲಿ ಬೈಸಿಕೊಂಡದ್ದೂ ಉಂಟು. ಈಗ ಸಕ್ಕರೆ ಕಾಯಿಲೆ ಅವಳ ಕಣ್ಣು ಕಸಿದಿತ್ತು. ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಚಾಪೆ ಹಿಡಿದವಳಿಗೆ ಬೆಳಗಾಯಿತು, ಸಂಜೆಯಾಯಿತು ಎಂದು ತಿಳಿಯುತ್ತಿದ್ದುದು ಗಂಡನ ಹಾಡಿನಿಂದಲೇ.

ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದಿಂದ ಆ ಹಾಡು ನಿಂತಿತು.

"ಯಾಕೆ ಅವರು ಹಾಡ್ತಾ ಇಲ್ಲ?" ಅಕ್ಕ ಕೇಳಿದಳು. "ಈ ಹುಣ್ಣಿನ ವಾಸನೆಗೆ ನನ್ನ ಮೇಲೆ ಹೇಸಿಗೆ ಬಂದಿರಬೇಕು."

ಬಾವಿಯ ಹತ್ತಿರ ಭಾವನನ್ನು ಹಿಡಿದೆ.

"ಪಾಸ್ಕಕ್ಕೆ ಅವಳು ಎದ್ದು ಕೂರ್ಲಿ ಅಂತ ಹರಕೆ ಕಣೇ," ಅಂದರು.

"ಅದನ್ನ ಅವಳಿಗೇ ಹೇಳಿ ಮತ್ತೆ."

"ಉಪವಾಸ ಮಾಡೋನು ಮುಖ ತೊಳ್ಕೊಂಡು, ಯಾರಿಗೂ ಗೊತ್ತಾಗದ ಹಾಗೆ ಇರ್ಬೇಕು ಅಂತ ಚರ್ಚಲ್ಲಿ ಫಾದರ್ ಓದಿದ್ರಲ್ಲ. ಹೇಳ್ಬಿಟ್ರೆ ಏನು ಉಳೀತು? ನಿನ್ ಹತ್ರ ಬಾಯಿ ಬಿಟ್ಟಿದ್ದೇ ತಪ್ಪಾಯ್ತು."

"ನೀವು ಬಿಟ್ಟಿರೋದು ನಿಮ್ಮ ಊಟ ಅಲ್ಲ ಭಾವ. ಅವಳ ಊಟ."

ಅವರು ಬಕೆಟ್ ಎತ್ತಿಕೊಂಡು ನಡೆದರು. ಇಂಥ ಮೊಂಡನನ್ನು ನಾನು ಕಂಡಿಲ್ಲ.

ನಾನೇ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ನಕ್ಕುಬಿಟ್ಟಳು. "ಚಿಕ್ಕೋಳಿದ್ದಾಗಿಂದ ನೀನು ಹೀಗೇ. ಯಾರಾದ್ರೂ ಅತ್ರೆ ಸಾಕು, ಒಂದು ಸುಳ್ಳು ಕಟ್ಟಿ ಸಮಾಧಾನ ಮಾಡ್ತೀಯ." ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ಹಾಡೊಂದೇ ಅವಳನ್ನು ನಂಬಿಸಬಹುದಿತ್ತು.

ಫಾದರನ್ನು ಕೇಳಿದೆ. ಭಾನುವಾರ ಉಪವಾಸದ ಲೆಕ್ಕಕ್ಕಿಲ್ಲ, ಅವತ್ತು ಧಾರಾಳವಾಗಿ ಹಾಡಲಿ ಎಂದರು. ಆ ಮಾತು ಹೊತ್ತುಕೊಂಡು ಓಡಿಬಂದೆ.

"ಭಾನುವಾರ ಅಂತ ಅವಳ ಕಾಯಿಲೆ ರಜೆ ತಗೊಳ್ಳುತ್ತಾ?" ಅಂದರು ಭಾವ. "ನಾನು ಹೆಂಗೆ ತಗೊಳ್ಳಿ?"

ಸಿಟ್ಟಿನಲ್ಲಿ ಅಲ್ಲಿಂದ ಹೊರಟೆ.

ಶುಭ ಶುಕ್ರವಾರದ ಸಂಜೆ ಭಾವ ಅಕ್ಕನ ಕಾಲಿನ ಬಟ್ಟೆ ಬದಲಿಸುತ್ತಿದ್ದರು. ಅವಳು ತಡಕಾಡಿ ಅವರ ಮಣಿಕಟ್ಟು ಹಿಡಿದಳು.

"ಒಂದೇ ಒಂದು ಸಲ ಹಾಡಿ. ಇಲ್ಲೇ, ಮೆಲ್ಲಗೆ."

ಭಾವ ತುಟಿ ಕಚ್ಚಿಕೊಂಡರು. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು. ಇನ್ನೇನು ಪಾಸ್ಕ ಬಂತು, ಈಗ ಸೋತರೆ ಎಲ್ಲ ನೀರುಪಾಲು ಎಂದುಕೊಂಡಿರಬೇಕು. ಕಣ್ಣಿಲ್ಲದ ಅಕ್ಕನಿಗೆ ಆ ಕಣ್ಣೀರು ಹೇಗೆ ಕಾಣಬೇಕು?

"ಹೋಗ್ಲಿ ಬಿಡಿ," ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು. "ಕಾಲೂ ಬಿಡಿ. ತಂಗಿ ಕಟ್ತಾಳೆ."

ಶನಿವಾರ ಬೆಳಗಿನ ಜಾವ, ಭಾವ ಮರದ ಮೇಲಿದ್ದಾಗ, ಅಕ್ಕನ ಉಸಿರು ನಿಂತಿತು. ನನ್ನ ಅಳು ಕೇಳಿ ಅವರು ಕೆಳಗಿಳಿದು ಬಂದರು. ಅವಳಿಗೆಂದು ತಂದ ನೀರಾ ಬಾಟಲಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಹಿಡಿದೇ ನಿಂತಿದ್ದರು.

ಪಾಸ್ಕದ ಬೆಳಿಗ್ಗೆ ಅಕ್ಕ ಇನ್ನೂ ಮನೆಯಲ್ಲೇ, ಹೊಸ ಚಾಪೆಯ ಮೇಲೆ ಮಲಗಿದ್ದಳು. ಸುತ್ತ ನಾವು ಹೆಂಗಸರು ಕೂತಿದ್ದೆವು. ಭಾವ ಚಾಕು ತೆಗೆದುಕೊಂಡು ಮರ ಹತ್ತಿದರು. ಯಾರು ಸತ್ತರೂ ಹೊಂಬಾಳೆ ಕೆತ್ತದೆ ಬಿಟ್ಟರೆ ಒಣಗುತ್ತದೆ. ಸ್ವಲ್ಪ ಹೊತ್ತಿಗೆ ಮೇಲಿಂದ ಹಾಡು ಬಂತು. ಮದುವೆಗೆ ಮುಂಚಿನ ಹಾಡು, ಅವಳ ಹೆಸರಿದ್ದದ್ದು.

ನನಗೆ ಮೈಯೆಲ್ಲ ಉರಿಯಿತು. ಈಗ ಯಾರಿಗೆ ಹಾಡುತ್ತೀರಿ, ಇಳಿದು ಬನ್ನಿ ಎಂದು ಕೂಗಲು ಬಾಗಿಲಿನವರೆಗೂ ಹೋದೆ. ವಾಪಸ್ಸು ಬಂದು ಕೂತು, ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮರದ ಕಡೆಗೆ ತಿರುಗಿಸಿದೆ.